ಮರದ ಕ್ಯಾಮರಾಕ್ಕೆ ತಕ್ಕ ಹೋಲ್ಡರು

ಮುಕ್ಕಾಲಿಯ ಮೇಲೆ ನಿಂತ ಮರದ ಪೆಟ್ಟಿಗೆ, ಅದರ ಹಿಂದೆ ಕರಿಯ ಬಟ್ಟೆಯನ್ನು ಹೊದ್ದು ಬಗ್ಗಿರುವ ಛಾಯಾಗ್ರಾಹಕ, ಮುಂದೆ ಉಸಿರು ಬಿಗಿಹಿಡಿದು ಕುಳಿತ ಮದುವೆಯ ಬಳಗ: ಈ ನೋಟವನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ಕಣ್ಣಾರೆ ಕಂಡಿರಲಾರರು. ಆದರೆ ಅಜ್ಜ ಅಜ್ಜಿಯರ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ಕಂದುಬಣ್ಣದ ಚಿತ್ರಗಳು ಬಹುಮಟ್ಟಿಗೆ ಇಂತಹ ಪೆಟ್ಟಿಗೆಯಲ್ಲಿಯೇ ಹುಟ್ಟಿದಂಥವು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಗೆ 1906ರಿಂದ 1922ರವರೆಗೆ ಆರ್. ನರಸಿಂಹಾಚಾರ್ಯರು ಮುಖ್ಯಸ್ಥರಾಗಿದ್ದ ಕಾಲದ ವಾರ್ಷಿಕ ವರದಿಗಳನ್ನು ತೆರೆದು ನೋಡಿದರೆ, ಅಲ್ಲಿ ಅಚ್ಚಾಗಿರುವ ದೇವಾಲಯಗಳ ಚಿತ್ರಗಳಲ್ಲಿ ಶಿಲ್ಪಿಯ ಉಳಿಯ ಗೆರೆಗಳು ಸಹ ಕಾಣುತ್ತವೆ. ಅಷ್ಟು ಸ್ಪಷ್ಟತೆ ಬರುವುದಕ್ಕೆ ಮಸೂರವೊಂದೇ ಕಾರಣವೆಂದು ನಾವು ಬಹುಕಾಲ ಭಾವಿಸಿದ್ದೆವು. ಮಸೂರದಷ್ಟೇ ಮುಖ್ಯವಾದ, ಆದರೆ ಯಾರೂ ಹೊಗಳದ ಇನ್ನೊಂದು ವಸ್ತು ಈ ಕ್ಯಾಮರಾಗಳಲ್ಲಿ ಉಂಟು. ಅದೇ ಹೋಲ್ಡರು, ನಮ್ಮ ಹಳೆಯ ಸ್ಟುಡಿಯೋಗಳವರು ಸ್ಲೈಡು ಎಂದು ಕರೆಯುತ್ತಿದ್ದ ಚಪ್ಪಟೆಯಾದ ಕತ್ತಲೆಪೆಟ್ಟಿಗೆ. ಇದರ ಮಹತ್ತ್ವವನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಒಂದು ಚಿತ್ರವನ್ನು ಕೆಡಿಸಿಕೊಂಡು.

ನಾವು ಪಾಠ ಹೇಳುವುದು ಚಾಮರಾಜನಗರದಲ್ಲಿ. ಕ್ಯಾಮರಾ ಇದ್ದದ್ದು ಗುಂಡ್ಲುಪೇಟೆಯಲ್ಲಿ, ಊಟಿಗೆ ಹೋಗುವ ರಸ್ತೆಯ ಬದಿಯ ಹಳೆಯ ಸ್ಟುಡಿಯೋ ಒಂದರಲ್ಲಿ. ಅದರ ಯಜಮಾನರಿಗೆ ಎಂಬತ್ತು ದಾಟಿತ್ತು. ತಿಂಗಳ ಕೊನೆಗೆ ಅಂಗಡಿಯನ್ನು ಮುಚ್ಚಿ, ಮೈಸೂರಿನಲ್ಲಿದ್ದ ಮಗನ ಮನೆಗೆ ಅವರು ಹೊರಡುವವರಿದ್ದರು. ಕ್ಯಾಮರಾವನ್ನು ನಮ್ಮ ಪ್ರಯೋಗಶಾಲೆಗೆ ಕೊಡಲು ಸಂತೋಷದಿಂದ ಒಪ್ಪಿದರು. ಆದರೆ ಒಂದು ಕರಾರು ಹಾಕಿದರು. “ನಲವತ್ತು ವರ್ಷ ಇದರ ಹಿಂದೆ ನಿಂತಿದ್ದೀನಿ ಮೇಷ್ಟ್ರೆ, ಮುಂದೆ ಒಂದು ದಿನವೂ ಕೂತಿಲ್ಲ. ನಾನೂ ನಮ್ಮ ಮನೆಯವರೂ ಕೂತಿರೋದನ್ನ ಇದರಲ್ಲೇ ಒಂದು ತೆಗೆದುಕೊಟ್ಟು ಆಮೇಲೆ ತಗೊಂಡು ಹೋಗಿ” ಎಂದರು. ನಾವು ಕೂಡಲೆ ಒಪ್ಪಿಕೊಂಡೆವು. ಒಂದು ಮಸೂರ, ಒಂದು ಕತ್ತಲೆಯ ಪೆಟ್ಟಿಗೆ. ಭೌತಶಾಸ್ತ್ರದ ಉಪನ್ಯಾಸಕನಿಗೆ ಇದೇನು ಮಹಾ ಎಂಬ ಧೈರ್ಯ!

ಪೆಟ್ಟಿಗೆಯ ಸ್ಥಿತಿ ಹೀಗಿತ್ತು. ತೇಗದ ಮರ, ಹಿತ್ತಾಳೆಯ ತಿರುಪುಗಳು, ಚರ್ಮದ ತಿದಿ ಇವೆಲ್ಲ ಗಟ್ಟಿಯಾಗಿದ್ದವು. 210 ಮಿಲಿಮೀಟರ್ ಸಂಗಮದೂರದ ಮಸೂರಕ್ಕೆ ಬೂಷ್ಟು ಹಿಡಿದಿರಲಿಲ್ಲ. ತಯಾರಕರ ಹೆಸರಿನ ಫಲಕ ಮಾತ್ರ ಎಂದೋ ಕಳಚಿ ಬಿದ್ದುಹೋಗಿತ್ತು. ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ ಇಂಗ್ಲೆಂಡಿನಿಂದ ಬಂದ ಕ್ಯಾಮರಾಗಳೂ ಇದ್ದವು. 1940ರ ದಶಕದಿಂದ ಕೇರಳದ ಆಲಪ್ಪುಳದಲ್ಲಿ ತಯಾರಾದ ‘ವಾಗೀಶ್ವರಿ’ ಕ್ಯಾಮರಾಗಳೂ ಇದ್ದವು. ಯಜಮಾನರು ತಮ್ಮದು ‘ಸ್ಯಾಂಡರ್ಸನ್’ ಇರಬಹುದೆಂದೂ, ಚಾಮರಾಜನಗರದ ಕಾಡುಗಳಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿದ ಸ್ಯಾಂಡರ್ಸನ್ ಸಾಹೇಬನೇ ಅದನ್ನು ಮಾಡಿದವನೆಂದೂ ನಂಬಿದ್ದರು. ಕಥೆ ಸೊಗಸಾಗಿದೆ. ಆದರೆ ಆನೆಯ ಸ್ಯಾಂಡರ್ಸನ್ ಬೇರೆ. 1895ರಲ್ಲಿ ಕ್ಯಾಮರಾದ ಪೇಟೆಂಟು ಪಡೆದ ಫ್ರೆಡರಿಕ್ ಸ್ಯಾಂಡರ್ಸನ್ ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಕುಶಲಕರ್ಮಿ. ಈ ಮಾತನ್ನು ಯಜಮಾನರಿಗೆ ಹೇಳುವ ಮನಸ್ಸು ನಮಗೆ ಬರಲಿಲ್ಲ.

ಕೊರತೆ ಎರಡೇ. ಹಿಂದಿನ ಮಸುಕುಗಾಜು ಒಡೆದಿತ್ತು. ಆರು ಹೋಲ್ಡರುಗಳಲ್ಲಿ ಐದನ್ನು ಗೆದ್ದಲು ತಿಂದಿತ್ತು. ಉಳಿದ ಒಂದರ ಕೀಲು ಮುರಿದು, ಬೆಳಕು ಒಳನುಗ್ಗುವಂತಾಗಿತ್ತು. ಮಸುಕುಗಾಜನ್ನು ನಾವೇ ತಯಾರಿಸಿದೆವು. 2 ಮಿಲಿಮೀಟರ್ ದಪ್ಪದ ಕಿಟಕಿಗಾಜನ್ನು ಅಳತೆಗೆ ಕತ್ತರಿಸಿ, ಅದರ ಮೇಲೆ ಕಾರ್ಬೊರಂಡಂ ಪುಡಿಯನ್ನೂ ನೀರನ್ನೂ ಹಾಕಿ, ಇನ್ನೊಂದು ಗಾಜಿನ ತುಂಡಿನಿಂದ ಗಂಟೆಗಟ್ಟಲೆ ಉಜ್ಜಿದರೆ ಹಾಲಿನಂತಹ ಮೈ ಬರುತ್ತದೆ. ಪೆನ್ಸಿಲಿನಿಂದ ಗೆರೆ ಎಳೆಯಲು ಅನುಕೂಲವಾಗಲೆಂದು ಉಜ್ಜಿದ ಮೈಯನ್ನು ನಮ್ಮ ಕಡೆಗೆ ಮಾಡಿ ಗಾಜನ್ನು ಕೂರಿಸಿದೆವು. ಈ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಹೋಲ್ಡರಿನ ವಿಚಾರ. ಇಂತಹ ಕ್ಯಾಮರಾದಲ್ಲಿ ಚಿತ್ರ ತೆಗೆಯುವ ಕ್ರಮ ಎರಡು ಹೆಜ್ಜೆಯದು. ಮೊದಲು ಮಸುಕುಗಾಜಿನ ಮೇಲೆ ಬೀಳುವ ತಲೆಕೆಳಗಾದ ಬಿಂಬವನ್ನು ನೋಡುತ್ತ, ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ, ಬಿಂಬವನ್ನು ಸ್ಪಷ್ಟಗೊಳಿಸಬೇಕು. ಆಮೇಲೆ ಗಾಜನ್ನು ಸರಿಸಿ, ಅದರ ಸ್ಥಾನದಲ್ಲಿ ಫಿಲ್ಮು ತುಂಬಿದ ಹೋಲ್ಡರನ್ನು ಕೂರಿಸಿ, ಅದರ ಮುಂದಿನ ತೆಳ್ಳನೆಯ ಮುಚ್ಚಳವನ್ನು ಎಳೆದು ತೆಗೆದು, ಮಸೂರದಿಂದ ಬೆಳಕು ಬಿಡಬೇಕು. ಬೆಳಕು ಬಿಡುವ ಹೊತ್ತಿಗೆ ಛಾಯಾಗ್ರಾಹಕನಿಗೆ ಏನೂ ಕಾಣುವುದಿಲ್ಲ. ಗಾಜಿನ ಉಜ್ಜಿದ ಮೈ ಎಲ್ಲಿ ಇದ್ದಿತೋ ಕರಾರುವಾಕ್ಕಾಗಿ ಅಲ್ಲಿಯೇ ಫಿಲ್ಮಿನ ಮೈ ಬಂದು ನಿಂತಿದೆ ಎಂಬ ನಂಬಿಕೆಯ ಮೇಲೆ ಎಲ್ಲವೂ ನಿಂತಿದೆ. ಆ ನಂಬಿಕೆಯನ್ನು ಉಳಿಸಿಕೊಡುವುದು ಹೋಲ್ಡರಿನ ಕೆಲಸ.

ಆದುದರಿಂದ ಹೋಲ್ಡರನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಅಳತೆಯ ಪ್ರಶ್ನೆ. ನಮ್ಮದು ಹಾಫ್ ಪ್ಲೇಟ್ ಕ್ಯಾಮರಾ; ಎಂದರೆ 4¾ × 6½ ಅಂಗುಲ. ಫುಲ್ ಪ್ಲೇಟು 6½ × 8½ ಅಂಗುಲ, ಕ್ವಾರ್ಟರ್ ಪ್ಲೇಟು 3¼ × 4¼ ಅಂಗುಲ. ಚುರುಕಾದ ವಿದ್ಯಾರ್ಥಿ ಇಲ್ಲಿಯೇ ತಡೆದು ಕೇಳಬಹುದು: ಕ್ವಾರ್ಟರ್ ಪ್ಲೇಟು ಫುಲ್ ಪ್ಲೇಟಿನ ಸರಿಯಾದ ಕಾಲುಭಾಗವಾಗಿದೆ, ಆದರೆ ಹಾಫ್ ಪ್ಲೇಟು ಅರ್ಧಕ್ಕಿಂತ ಅರ್ಧ ಅಂಗುಲ ಅಗಲವಾಗಿದೆಯಲ್ಲ? ನಿಜ. ಹೆಸರನ್ನು ನಂಬಿ ಲೆಕ್ಕಹಾಕಬಾರದು ಎಂಬುದಕ್ಕೆ ಇದು ಮೊದಲನೆಯ ಎಚ್ಚರಿಕೆ. ಅಮೆರಿಕದವರ 5 × 7 ಅಂಗುಲದ ಹೋಲ್ಡರು ಹಾಫ್ ಪ್ಲೇಟಿಗೆ ಹತ್ತಿರವೆಂದು ತೋರಿದರೂ ಅದರಲ್ಲಿ ಹೊಂದುವುದಿಲ್ಲ. ಯುರೋಪಿನ 9 × 12 ಸೆಂಟಿಮೀಟರ್ ಕ್ಯಾಮರಾಗಳಿಗಂತೂ ತಗಡಿನ, ಒಂದೇ ಬದಿಯ, ಬೇರೆಯೇ ಬಗೆಯ ಹೋಲ್ಡರುಗಳು.

ಒಳಗಿನ ಅಳತೆ ಸರಿಹೊಂದಿದರೂ ಹೊರಗಿನ ಮೈ ಹೊಂದಬೇಕಲ್ಲವೆ? ಹೋಲ್ಡರಿನ ಮುಖದ ಮೇಲೆ ಒಂದು ಸಣ್ಣ ಏಣು ಇರುತ್ತದೆ. ಕ್ಯಾಮರಾದ ಬೆನ್ನಿನಲ್ಲಿ ಅದಕ್ಕೆ ಎದುರಾಗಿ ಒಂದು ಗಾಡಿ. ಏಣು ಗಾಡಿಯೊಳಕ್ಕೆ ಇಳಿದಾಗ ಹೋಲ್ಡರು ಕದಲದೆ ನಿಲ್ಲುತ್ತದೆ, ಬೆಳಕೂ ನುಸುಳುವುದಿಲ್ಲ. ಎಲ್ಲ ತಯಾರಕರೂ ಇದನ್ನೇ ಅನುಸರಿಸಿದ್ದರೆ ಒಳ್ಳೆಯದಾಗುತ್ತಿತ್ತು. ಅಮೆರಿಕದ ಗ್ರಾಫ್ಲೆಕ್ಸ್ ಕಂಪನಿಯ ಒಂದು ಬಗೆಯ ಹೋಲ್ಡರುಗಳಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ಗಾಡಿ ಇರುವುದು ಹೋಲ್ಡರಿನಲ್ಲಿ. ಇಂಗ್ಲಿಷ್ ಮರದ ಕ್ಯಾಮರಾಗಳ ಹೋಲ್ಡರುಗಳು ಪುಸ್ತಕದಂತೆ ತೆರೆದು ಮುಚ್ಚುವಂಥವು, ಒಂದೊಂದು ಕಾರ್ಖಾನೆಯವು ಒಂದೊಂದು ಅಗಲ. ಹಳೆಯ ಕಾಲದ ಬಡಗಿ ಹೋಲ್ಡರನ್ನು ಆಯಾ ಕ್ಯಾಮರಾಕ್ಕೇ ಉಜ್ಜಿ ಹೊಂದಿಸುತ್ತಿದ್ದನು. ಬೀಗಕ್ಕೆ ಕೀಲಿಕೈ ಮಾಡಿದಂತೆ.

ನಾವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಎರಡು ಹೋಲ್ಡರುಗಳನ್ನು ತಂದೆವು. ಒಂದು 2 ಮಿಲಿಮೀಟರ್ ಅಗಲ ಹೆಚ್ಚಾಗಿ ಒಳಗೆ ಇಳಿಯಲೇ ಇಲ್ಲ. ಇನ್ನೊಂದು ಬೆಣ್ಣೆಯಲ್ಲಿ ಕೂದಲು ಇಳಿದಂತೆ ಜಾರಿ ಕುಳಿತಿತು. ಅದರ ಮಖಮಲ್ಲಿನ ಅಂಚು ಸವೆದಿರಲಿಲ್ಲ. ಒಳಗೆ ಛಾಯಾಚಿತ್ರದ ಕಾಗದವನ್ನು ಇಟ್ಟು, ಮುಚ್ಚಿದ ಹೋಲ್ಡರನ್ನು ಬಿಸಿಲಿನಲ್ಲಿ ಹಿಡಿದು, ಕಾಗದವನ್ನು ಡೆವಲಪ್ ಮಾಡಿ ನೋಡಿದೆವು. ಎಲ್ಲಿಯೂ ಕಪ್ಪು ಕಲೆ ಏಳಲಿಲ್ಲ. ಇಷ್ಟು ಸಾಕೆಂದು ತಿಳಿದು, ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗುಂಡ್ಲುಪೇಟೆಗೆ ಹೋದೆವು.

ದಂಪತಿಗಳು ಕ್ಯಾಮರಾದಿಂದ 3 ಮೀಟರ್ ದೂರದಲ್ಲಿ ಕುಳಿತರು. ಅವರ ಅರ್ಧ ಮೀಟರ್ ಹಿಂದೆ ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರು. ಮಾಡಿನ ಗಾಜಿನ ಹಂಚುಗಳಿಂದ ಬರುವ ಬೆಳಕು ಮಂದವಾಗಿದ್ದುದರಿಂದ ಮಸೂರವನ್ನು ಪೂರ್ತಿ ಎಫ್ 6.3ಕ್ಕೆ ತೆರೆದು, ಅರ್ಧ ಸೆಕೆಂಡು ಬೆಳಕು ಬಿಟ್ಟೆವು. ವಾರದ ಮೇಲೆ ಚಿತ್ರವನ್ನು ಒಯ್ದು ತೋರಿಸಿದಾಗ ಯಜಮಾನರು ಅದನ್ನು ಬಹಳ ಹೊತ್ತು ನೋಡಿ, “ಕ್ಯಾಲೆಂಡರು ಚೆನ್ನಾಗಿ ಬಂದಿದೆ ಮೇಷ್ಟ್ರೆ” ಎಂದರು. ಹೌದು; ಅದರ ತಾರೀಖುಗಳನ್ನು ಓದಬಹುದಾಗಿತ್ತು. ಮುಂದೆ ಕುಳಿತ ಇಬ್ಬರು ಹಿರಿಯರ ಕಣ್ಣುಗಳು ಮಾತ್ರ ಮಂಜಿನಲ್ಲಿ ಮುಳುಗಿದ್ದವು. ಅಂಗಡಿ ಮುಚ್ಚಲು ಇನ್ನು ಹನ್ನೆರಡು ದಿನ ಉಳಿದಿತ್ತು.

ಈಗ ಲೆಕ್ಕಕ್ಕೆ ಬರೋಣ. ವಸ್ತುವಿನ ದೂರ, ಬಿಂಬದ ದೂರ, ಸಂಗಮದೂರ ಇವುಗಳ ಸಂಬಂಧವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು: ವಸ್ತುದೂರದ ವಿಲೋಮವನ್ನೂ ಬಿಂಬದೂರದ ವಿಲೋಮವನ್ನೂ ಕೂಡಿಸಿದರೆ ಸಂಗಮದೂರದ ವಿಲೋಮ ಬರುತ್ತದೆ. ಸಂಗಮದೂರ 210 ಮಿಲಿಮೀಟರ್, ವಸ್ತುದೂರ 3000 ಮಿಲಿಮೀಟರ್ ಆದರೆ ಬಿಂಬದೂರ 225.8 ಮಿಲಿಮೀಟರ್. 3.5 ಮೀಟರ್ ದೂರದ ಗೋಡೆಗೆ ಬಿಂಬದೂರ 223.4 ಮಿಲಿಮೀಟರ್. ಅರ್ಧ ಮೀಟರು ಹಿಂದಿರುವ ಗೋಡೆಗೂ ಮುಂದಿರುವ ಮುಖಕ್ಕೂ ಪೆಟ್ಟಿಗೆಯೊಳಗೆ ಇರುವ ಅಂತರ ಬರಿಯ 2.4 ಮಿಲಿಮೀಟರ್! ಗೋಡೆ ಸ್ಪಷ್ಟವಾಗಿ ಬಂದಿದೆಯೆಂದರೆ, ಫಿಲ್ಮು ಇರಬೇಕಾದ ಜಾಗಕ್ಕಿಂತ 2.4 ಮಿಲಿಮೀಟರು ಮಸೂರದ ಕಡೆಗೆ ಮುಂದೆ ಬಂದು ನಿಂತಿತ್ತು ಎಂದಾಯಿತು.

ಇಷ್ಟರಿಂದ ಚಿತ್ರ ಎಷ್ಟು ಕೆಡುತ್ತದೆ? ಎಫ್ 6.3ರಲ್ಲಿ ಈ ಮಸೂರದ ತೆರಪಿನ ವ್ಯಾಸ 33 ಮಿಲಿಮೀಟರ್. ಒಂದು ಬಿಂದುವಿನಿಂದ ಬಂದ ಬೆಳಕು ಇಷ್ಟಗಲದ ಬುಡದ ಶಂಕುವಾಗಿ ಕಿರಿದಾಗುತ್ತ ತುದಿಯಲ್ಲಿ ಚುಕ್ಕೆಯಾಗಬೇಕು. ತುದಿ ಮುಟ್ಟುವ ಮೊದಲೇ ಫಿಲ್ಮು ಅದನ್ನು ತಡೆದರೆ ಚುಕ್ಕೆಯ ಬದಲು ಬಿಲ್ಲೆ ಮೂಡುತ್ತದೆ. ಸಮರೂಪ ತ್ರಿಭುಜಗಳ ಲೆಕ್ಕದಿಂದ ಆ ಬಿಲ್ಲೆಯ ವ್ಯಾಸ 0.35 ಮಿಲಿಮೀಟರ್. ನಮ್ಮ ಫಿಲ್ಮಿನ ಮೇಲೆ ಮನುಷ್ಯನ ಕಣ್ಣಿನ ಕರಿಯ ಆಲಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದರ ಮೇಲೆ ಇಂತಹ ಬಿಲ್ಲೆಗಳು ಒಂದರ ಮೇಲೊಂದು ಬಿದ್ದರೆ ದೃಷ್ಟಿಯ ಕಳೆ ಉಳಿಯುವುದುಂಟೆ? ಈ ಅಳತೆಯ ಚಿತ್ರದಲ್ಲಿ ಬಿಲ್ಲೆ 0.1 ಮಿಲಿಮೀಟರನ್ನು ಮೀರಕೂಡದೆಂಬ ನಿಯಮವನ್ನು ಇಟ್ಟುಕೊಂಡರೆ, ಫಿಲ್ಮಿನ ಸ್ಥಾನದಲ್ಲಿ ಕ್ಷಮಿಸಬಹುದಾದ ತಪ್ಪು 0.68 ಮಿಲಿಮೀಟರ್ ಮಾತ್ರ.

ನಾವು ವರ್ನಿಯರ್ ಕ್ಯಾಲಿಪರನ್ನು ಹಿಡಿದು ಕುಳಿತೆವು. ಹೋಲ್ಡರಿನ ಮುಖಕ್ಕೆ ಅಡ್ಡಲಾಗಿ ಉಕ್ಕಿನ ಅಳತೆಪಟ್ಟಿಯನ್ನು ಇಟ್ಟು, ಕ್ಯಾಲಿಪರಿನ ಬಾಲದ ಕಡ್ಡಿಯಿಂದ ಒಳಗಿನ ಫಿಲ್ಮಿನ ಮೈಯವರೆಗೆ ಆಳ ನೋಡಿ, ಪಟ್ಟಿಯ ದಪ್ಪವನ್ನು ಕಳೆದರೆ ಹೋಲ್ಡರಿನ ಆಳ ಸಿಕ್ಕುತ್ತದೆ. ಕೊಂಡು ತಂದ ಹೋಲ್ಡರಿನದು 4.3 ಮಿಲಿಮೀಟರ್. ಮುರಿದುಹೋದ ಹಳೆಯ ಹೋಲ್ಡರಿನದು 5.4 ಮಿಲಿಮೀಟರ್. ಕ್ಯಾಮರಾದ ಬೆನ್ನಿನಲ್ಲಿ ಹೋಲ್ಡರು ಕೂರುವ ಮೈಯಿಂದ ಗಾಜಿನ ಮುಂಬದಿಯವರೆಗೆ ಅಳೆದಾಗಲೂ 5.4. ಹಳೆಯ ಬಡಗಿಯ ಕೈ ತಪ್ಪಿರಲಿಲ್ಲ. ಜಾರಿ ಕುಳಿತು ನಮ್ಮನ್ನು ಮರುಳುಮಾಡಿದ ಹೋಲ್ಡರು 1.1 ಮಿಲಿಮೀಟರಿನಷ್ಟು ಆಳ ಕಡಿಮೆಯಾಗಿತ್ತು.

ಕಳ್ಳ ಸಿಕ್ಕಿದನೆಂದು ಸಂತೋಷಪಟ್ಟೆವು. ಆದರೆ 1.1 ಮಿಲಿಮೀಟರಿನ ತಪ್ಪಿಗೆ ಸ್ಪಷ್ಟತೆ ಹಿಂದೆ ಸರಿಯುವುದು 21 ಸೆಂಟಿಮೀಟರು; ಚಿತ್ರದಲ್ಲಿ ಅದು 50 ಸೆಂಟಿಮೀಟರು ಸರಿದಿತ್ತು. ಉಳಿದ 1.3 ಮಿಲಿಮೀಟರು ಎಲ್ಲಿಂದ ಬಂದಿತು? ಎರಡು ದಿನ ಇದೇ ಯೋಚನೆ. ಮೂರನೆಯ ದಿನ ಪಿಯುಸಿ ಪ್ರಯೋಗದಲ್ಲಿ ವಿದ್ಯಾರ್ಥಿಯೊಬ್ಬಳು ಚಲಿಸುವ ಸೂಕ್ಷ್ಮದರ್ಶಕದಿಂದ ಗಾಜಿನ ತುಂಡಿನ ವಕ್ರೀಭವನಾಂಕವನ್ನು ಅಳೆಯುತ್ತಿದ್ದುದನ್ನು ನೋಡುತ್ತಿದ್ದಂತೆ ನಮಗೆ ಥಟ್ಟನೆ ಹೊಳೆಯಿತು. ಗಾಜಿನ ಕೆಳಗಿನ ಗೆರೆ ಮೇಲೆದ್ದಂತೆ ಕಾಣುವುದಷ್ಟೆ. ನಿಜವಾದ ದಪ್ಪವನ್ನು ವಕ್ರೀಭವನಾಂಕದಿಂದ ಭಾಗಿಸಿದರೆ ಗೋಚರವಾಗುವ ದಪ್ಪ ಬರುತ್ತದೆ. ನಾವು ಮಸುಕುಗಾಜಿನ ಉಜ್ಜಿದ ಮೈಯನ್ನು ಹೊರಗೆ ಮಾಡಿ ಕೂರಿಸಿದ್ದೆವಲ್ಲವೆ? ಬಿಂಬ ಮೂಡುತ್ತಿದ್ದುದು ಗಾಜಿನ ಹಿಂಬದಿಯಲ್ಲಿ. ಗಾಜಿನ ದಪ್ಪ 2 ಮಿಲಿಮೀಟರ್, ಅದನ್ನು 1.5ರಿಂದ ಭಾಗಿಸಿದರೆ 1.33 ಮಿಲಿಮೀಟರ್. ಕಾಣೆಯಾಗಿದ್ದ ಅಂತರ ಅದೇ! ಒಂದು ತಪ್ಪು ಹೋಲ್ಡರಿನದು, ಇನ್ನೊಂದು ಭೌತಶಾಸ್ತ್ರದ ಉಪನ್ಯಾಸಕರದು. ಎರಡೂ ಒಂದೇ ದಿಕ್ಕಿಗೆ ಸೇರಿಕೊಂಡಿದ್ದವು. ಉಜ್ಜಿದ ಮೈ ಯಾವಾಗಲೂ ಮಸೂರದ ಕಡೆಗೇ ಇರತಕ್ಕದ್ದು.

ಮಸೂರದ ತೆರಪನ್ನು ಕಿರಿದುಮಾಡಿದ್ದರೆ ಈ ತಪ್ಪುಗಳೆಲ್ಲ ಮುಚ್ಚಿಹೋಗುತ್ತಿದ್ದವೆಂಬುದು ನಿಜ. ಎಫ್ 32ರಲ್ಲಿ ಅದೇ ಬಿಲ್ಲೆ 0.07 ಮಿಲಿಮೀಟರಿಗೆ ಇಳಿಯುತ್ತದೆ. ಬಯಲಿನಲ್ಲಿ, ಬಿಸಿಲಿನಲ್ಲಿ ಬೆಟ್ಟವನ್ನೋ ಗುಡಿಯನ್ನೋ ತೆಗೆಯುವವರು ಹೊಂದದ ಹೋಲ್ಡರಿನಿಂದಲೂ ವರ್ಷಗಟ್ಟಲೆ ಕೆಲಸ ಸಾಗಿಸುವುದು ಇದರಿಂದಲೇ. ಆದರೆ ಎಫ್ 6.3ರಿಂದ ಎಫ್ 32ಕ್ಕೆ ಇಳಿದರೆ ಬೆಳಕು ಸುಮಾರು 26ರಲ್ಲಿ ಒಂದು ಪಾಲಾಗುತ್ತದೆ. ಅರ್ಧ ಸೆಕೆಂಡಿನ ಕೆಲಸಕ್ಕೆ 13 ಸೆಕೆಂಡು ಬೇಕು. ಎಂಬತ್ತು ದಾಟಿದವರನ್ನು ಅಷ್ಟು ಹೊತ್ತು ಕಲ್ಲಿನಂತೆ ಕೂರಿಸುವುದು ಆಗುವ ಮಾತಲ್ಲ.

ಗಾಜನ್ನು ತಿರುಗಿಸಿ ಕೂರಿಸುವುದು ಐದು ನಿಮಿಷದ ಕೆಲಸವಾಯಿತು. ಹೋಲ್ಡರಿನ ವಿಷಯದಲ್ಲಿ ಎರಡು ದಾರಿಗಳಿದ್ದವು. ಗಾಜನ್ನು 1.1 ಮಿಲಿಮೀಟರು ಮುಂದೆ ತಂದು ಕ್ಯಾಮರಾವನ್ನೇ ಹೋಲ್ಡರಿಗೆ ಹೊಂದಿಸುವುದು ಒಂದು. ಹೋಲ್ಡರಿನೊಳಗೆ ಫಿಲ್ಮನ್ನು ಅಷ್ಟೇ ಹಿಂದಕ್ಕೆ ಸರಿಸುವುದು ಇನ್ನೊಂದು. ಒಂದೇ ಬಗೆಯ ಹತ್ತು ಹೋಲ್ಡರುಗಳು ಕೈಯಲ್ಲಿದ್ದವರಿಗೆ ಮೊದಲನೆಯದು ಲೇಸು. ನಮಗೆ ಹಳೆಯ ಬಡಗಿಯ ಅಳತೆಯನ್ನು ಕೆಡಿಸಲು ಮನಸ್ಸಾಗಲಿಲ್ಲ. ಪುಸ್ತಕದಂತಹ ಹೋಲ್ಡರಿನಲ್ಲಿ ಒಂದು ಸ್ಪ್ರಿಂಗು ಫಿಲ್ಮಿನ ತಗಡನ್ನು ಹಿಂದಿನಿಂದ ಒತ್ತಿ ಮುಂದಿನ ಅಂಚಿಗೆ ತಾಗಿಸಿರುತ್ತದೆ. ಆ ಅಂಚಿನ ಒಳಗೆ ನಾಲ್ಕೂ ಕಡೆ ರಟ್ಟಿನ ಪಟ್ಟಿಗಳನ್ನು ಅಂಟಿಸಿದರೆ ಫಿಲ್ಮು ಅಷ್ಟು ಹಿಂದೆ ಸರಿಯುತ್ತದೆ. ಬಗೆಬಗೆಯ ರಟ್ಟುಗಳನ್ನು ತಿರುಪುಮಾಪಕದಿಂದ ಅಳೆದು ನೋಡಿದೆವು. ಮನೆಯಲ್ಲಿ ಬಿದ್ದಿದ್ದ ಮದುವೆಯ ಕರೆಯೋಲೆಯೊಂದು ಸರಿಯಾಗಿ 0.37 ಮಿಲಿಮೀಟರ್ ದಪ್ಪ ಇದ್ದಿತು. ಮೂರು ಪದರ ಸೇರಿದರೆ 1.11! ವಧೂವರರ ಹೆಸರು ಹೋಲ್ಡರಿನೊಳಗೆ ಈಗಲೂ ಇದೆ. ಆಮೇಲೆ ಮೇಜಿನ ಮೇಲೆ ಮೀಟರ್ ಅಳತೆಗೋಲನ್ನು ಓರೆಯಾಗಿ ಇಟ್ಟು, 50ರ ಗೆರೆಗೆ ಸ್ಪಷ್ಟತೆ ಹೊಂದಿಸಿ, ಛಾಯಾಚಿತ್ರದ ಕಾಗದದ ಮೇಲೆ ಚಿತ್ರ ತೆಗೆದು ನೋಡಿದೆವು. ಎಲ್ಲಕ್ಕಿಂತ ಚೂಪಾಗಿ ಬಂದದ್ದು 50ರ ಗೆರೆಯೇ. ಹೋಲ್ಡರು ಕೊಂಡ ದಿನವೇ ಈ ಪರೀಕ್ಷೆಯನ್ನು ಮಾಡಿದ್ದರೆ ಒಂದು ಫಿಲ್ಮೂ ನಮ್ಮ ಮರ್ಯಾದೆಯೂ ಉಳಿಯುತ್ತಿದ್ದವು.

ಈ ಪೀಡೆಯನ್ನು ತಪ್ಪಿಸಲೆಂದೇ ಅಮೆರಿಕದಲ್ಲಿ ಹೋಲ್ಡರುಗಳ ಆಳಕ್ಕೆ ಮಾನಕವನ್ನು ಗೊತ್ತುಮಾಡಿದರು. 4 × 5 ಅಂಗುಲದ ಹೋಲ್ಡರಿನಲ್ಲಿ ಮುಖದಿಂದ ಫಿಲ್ಮು ಒರಗುವ ಹಲಗೆಯವರೆಗೆ 0.197 ಅಂಗುಲ, ಎಂದರೆ 5 ಮಿಲಿಮೀಟರ್, ಹೆಚ್ಚುಕಡಿಮೆ 0.007 ಅಂಗುಲ ಆಗಬಹುದು. ಫಿಲ್ಮಿನ ದಪ್ಪವೂ ಸುಮಾರು 0.007 ಅಂಗುಲವೇ ಆದ್ದರಿಂದ ಮಸುಕುಗಾಜಿನ ಆಳ 0.190 ಅಂಗುಲ ಇರಬೇಕು. 8 × 10 ಅಂಗುಲದ ಹೋಲ್ಡರಿಗೆ 0.260 ಅಂಗುಲ, ಅಲ್ಲಿ 0.016ರಷ್ಟು ವಿನಾಯಿತಿ. ಇದರಿಂದಾಗಿ ಇಂದು ಯಾವ ದೇಶದಲ್ಲಿ ತಯಾರಾದ 4 × 5 ಹೋಲ್ಡರಾದರೂ ಈ ಮಾನಕದ ಬೆನ್ನುಳ್ಳ ಕ್ಯಾಮರಾಕ್ಕೆ ಹೊಂದುತ್ತದೆ. ಹಳೆಯ ಕ್ಯಾಮರಾ ಕೊಳ್ಳಬೇಕೆಂಬ ಹಂಬಲವಿರುವ ವಿದ್ಯಾರ್ಥಿಗಳಿಗೆ ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇಂತಹ 4 × 5 ಕ್ಯಾಮರಾವನ್ನೇ ಹುಡುಕಿರೆಂದು ಹೇಳುತ್ತೇವೆ. ಹಾಫ್ ಪ್ಲೇಟಿನದೇ ಬೇಕೆಂದರೆ, ತನ್ನದೇ ಹೋಲ್ಡರು ಒಂದಾದರೂ ಜೊತೆಗಿಲ್ಲದ ಕ್ಯಾಮರಾವನ್ನು ಕೊಳ್ಳಬೇಡಿ. ಮುರಿದದ್ದಾದರೂ ಚಿಂತೆಯಿಲ್ಲ, ಅಳತೆ ಅದರಲ್ಲಿ ಉಳಿದಿರುತ್ತದೆ.

ಫಿಲ್ಮಿನ ವಿಚಾರವಾಗಿ ಒಂದು ಮಾತು. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಕ್ಕುವ ಊಟಿಯಲ್ಲಿ 1960ರಲ್ಲಿ ಸ್ಥಾಪನೆಗೊಂಡು, 1967ರಲ್ಲಿ ಉತ್ಪಾದನೆ ತೊಡಗಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಯಜಮಾನರು ಬಹಳ ಬಳಸಿದ್ದರು. ಅದು ಮುಚ್ಚಿಹೋಗಿದೆ. ವಿದೇಶದ ಹಾಳೆ ಫಿಲ್ಮು ದುಬಾರಿ. ಆದುದರಿಂದ ನಾವು ಆಸ್ಪತ್ರೆಗಳಲ್ಲಿ ಬಳಸುವ 8 × 10 ಅಂಗುಲದ ಎಕ್ಸ್‌ರೇ ಫಿಲ್ಮನ್ನು ಕೊಂಡು, ಕೆಂಪು ದೀಪದ ಬೆಳಕಿನಲ್ಲಿ ಕತ್ತರಿಸಿಕೊಂಡೆವು. ಒಂದು ಹಾಳೆಯಲ್ಲಿ ಎರಡು ಹಾಫ್ ಪ್ಲೇಟು. ಅದರ ಎರಡು ಬದಿಗೂ ಲೇಪ ಇರುವುದರಿಂದ ಬೇಗ ಗೀರು ಬೀಳುತ್ತದೆ, ತೊಳೆಯುವಾಗ ಹುಷಾರಾಗಿರಬೇಕು.

ಅಂಗಡಿ ಮುಚ್ಚುವ ಹಿಂದಿನ ದಿನ ಎರಡನೆಯ ಚಿತ್ರವನ್ನು ತೆಗೆದೆವು. ಸಾಮಾನುಗಳೆಲ್ಲ ಗಂಟುಕಟ್ಟಿದ್ದವು, ಕುಳಿತುಕೊಳ್ಳಲು ಎರಡು ಕುರ್ಚಿಗಳು ಮಾತ್ರ ಉಳಿದಿದ್ದವು. ಅದೇ 3 ಮೀಟರು, ಅದೇ ಗೋಡೆ, ತೆರಪು ಎಫ್ 8, ಒಂದು ಸೆಕೆಂಡು. ಹಿರಿಯಾಕೆ ಉಸಿರು ಬಿಗಿಹಿಡಿದಿದ್ದರು. ಯಜಮಾನರು ಮಾತ್ರ ಕ್ಯಾಮರಾವನ್ನೇ ನೋಡುತ್ತ, ನಾವು ಹೋಲ್ಡರಿನ ಮುಚ್ಚಳ ತೆಗೆದೆವೋ ಇಲ್ಲವೋ ಎಂದು ಪರೀಕ್ಷಿಸುವಂತೆ ಕುಳಿತಿದ್ದರು. ನೆಗೆಟಿವನ್ನು ಮೈಸೂರಿಗೇ ಒಯ್ದು ಕೊಟ್ಟೆವು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಮೊದಲು ಹೆಂಡತಿಯ ಕಣ್ಣುಗಳನ್ನೂ ಆಮೇಲೆ ತಮ್ಮವನ್ನೂ ನೋಡಿದರು. ಕ್ಯಾಲೆಂಡರಿನ ತಾರೀಖುಗಳನ್ನು ಈ ಸಲ ಓದಲಾಗುತ್ತಿರಲಿಲ್ಲ.

“ಸ್ವಲ್ಪ ಜಾಸ್ತಿ ಡೆವಲಪ್ ಮಾಡಿದ್ದೀರಿ ಮೇಷ್ಟ್ರೆ” ಎಂದರು. ಅದೂ ನಿಜವೇ ಆಗಿತ್ತು.